ಲೇತ್ ಮಹಡಿ ಹತ್ತಬೇಕಾ, ಕಾರು ಬೀದಿಗೆ ಇಳಿಯಬೇಕಾ?

ಮೂವತ್ತು ನಲವತ್ತರ ಸೈಟು. ಕೆಳಗಿನ ಮನೆ ಬಾಡಿಗೆಗೆ, ಮೇಲೆ ಓನರ್. ಪಕ್ಕಕ್ಕೆ ಇನ್ನೊಂದು ರೂಮು, 'ಮುಂದೆ ಯಾವುದಕ್ಕಾದರೂ ಆಗುತ್ತೆ' ಅಂತ ಕಟ್ಟಿಸಿದ್ದು. ಹಾಸನದಲ್ಲೂ ಚಿಕ್ಕಮಗಳೂರಿನಲ್ಲೂ ಇಂಥ ರೂಮುಗಳು ಬೀದಿಗೆ ಹತ್ತು ಸಿಗುತ್ತವೆ. ಒಳಗೆ ಹಳೇ ಮಂಚ, ಟೀವಿ ಡಬ್ಬ, ಗೃಹಪ್ರವೇಶಕ್ಕೆ ಬಂದ ನಾಲ್ಕೈದು ಗೋಡೆ ಗಡಿಯಾರ. ಒಂದು ದಿನ ಯಜಮಾನರಿಗೆ ಅನ್ನಿಸುತ್ತದೆ: ಇಲ್ಲೊಂದು ಲೇತ್, ಅಂದರೆ ಕಬ್ಬಿಣವನ್ನು ತಿರುಗಿಸುತ್ತಾ ಕೆತ್ತುವ ಮಷಿನ್, ಇಟ್ಟರೆ ಹೇಗೆ?

ನನಗೂ ಹಾಗೇ ಅನ್ನಿಸಿತ್ತು. ಬೆಂಗಳೂರಿನ ಪೀಣ್ಯದಲ್ಲಿ ಹನ್ನೊಂದು ವರ್ಷ ಟರ್ನರ್ (ಲೇತ್ ಓಡಿಸುವವನು) ಆಗಿದ್ದು 2016ರಲ್ಲಿ ಹಾಸನಕ್ಕೆ ವಾಪಸ್ ಬಂದೆ. ಜೊತೆಗೆ ಒಂದು ಸೆಕೆಂಡ್ ಹ್ಯಾಂಡ್ ನಾಲ್ಕೂವರೆ ಅಡಿ ಲೇತ್ ಬಂತು. ಕೆಳಗೆ ಬಾಡಿಗೆಯವರಿದ್ದರು. ಹಾಗಾಗಿ ಮಹಡಿಗೇ ಏರಿಸಿದೆ. ಮೂರು ವರ್ಷ ಅಲ್ಲೇ ಓಡಿಸಿದೆ. ಆಮೇಲೆ ಇಳಿಸಿದೆ. ಈಗ ಅದು ಪೋರ್ಟಿಕೋದಲ್ಲಿದೆ, ಕಾರು ಗೇಟಿನಾಚೆ ಇದೆ.

ಇದು ಗೊತ್ತಿರುವವರು ನನ್ನನ್ನು ಕೇಳುತ್ತಿರುತ್ತಾರೆ. ಈ ವರ್ಷವೇ ಮೂವರು ಕೇಳಿದರು. ಒಬ್ಬರು ವಿದ್ಯಾನಗರದ ರಿಟೈರ್ಡ್ ಮೇಷ್ಟ್ರು. ಹಿತ್ತಾಳೆ ಗಂಟೆ, ಪುಟಾಣಿ ಇಂಜಿನ್ ಮಾಡೋದು ಅವರ ಹವ್ಯಾಸ. ಇನ್ನೊಬ್ಬ ಚಿಕ್ಕಮಗಳೂರು ಉಪ್ಪಳ್ಳಿಯ ಹುಡುಗ, ಐಟಿಐ ಆಗಿದೆ, ಕಾಫಿ ಎಸ್ಟೇಟುಗಳ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಮಷಿನ್) ರಿಪೇರಿ ಕೆಲಸ ಹಿಡಿಯಬೇಕು ಅಂತಿದ್ದಾನೆ. ಮೂರನೆಯವರು ಬಡಗಿ, ಹಳೇ ಹೆಂಚಿನ ಮನೆಯ ಅಟ್ಟದ ಮೇಲೆ ರಂದಾ ಮಷಿನ್ ಇಡೋಣ ಅಂತಿದ್ದರು. ಮೂವರಿಗೂ ಒಂದೇ ಉತ್ತರ ಹೊಂದುವುದಿಲ್ಲ. ಅದಕ್ಕೇ ಮೊದಲು ಏನೇನು ನೋಡಬೇಕು ಅಂತ ಹೇಳಿ, ಆಮೇಲೆ ಒಂದೊಂದೇ ಜಾಗಕ್ಕೆ ಬರುತ್ತೇನೆ.

ಭಾರ: ಎಷ್ಟು ಅನ್ನುವುದಕ್ಕಿಂತ ಎಲ್ಲಿ

ಎಲ್ಲರೂ ಕೇಳುವುದು 'ಮೋಲ್ಡ್ (ಮಹಡಿಯ ಕಾಂಕ್ರೀಟ್ ಹಾಸು) ಎಷ್ಟು ಕೆಜಿ ತಡೆಯುತ್ತೆ' ಅಂತ. ಅದು ಅರ್ಧ ಪ್ರಶ್ನೆ. ವಾಸದ ಮನೆಯ ರೂಮಿಗೆ ಮೋಲ್ಡ್ ಹಾಕುವಾಗ ಎಂಜಿನಿಯರ್ ಹಿಡಿಯುವ ಬಳಕೆಯ ಭಾರ ಚದರ ಮೀಟರಿಗೆ ಸುಮಾರು 200 ಕೆಜಿ. ಕಟ್ಟಡದ ಭಾರಕ್ಕೆ ಇರುವ ಭಾರತೀಯ ಮಾನದಂಡದ ಪುಸ್ತಕ, ಐಎಸ್ 875ರ ಎರಡನೇ ಭಾಗ, ಹೇಳುವ ಲೆಕ್ಕ ಇದು. ಚದರಡಿಗೆ ತಂದರೆ ಹದಿನೆಂಟು ಹತ್ತೊಂಬತ್ತು ಕೆಜಿ. ಅದೇ ಪುಸ್ತಕ, ಹಗುರ ಮಷಿನ್ ಇರುವ ಕಾರ್ಖಾನೆಯ ನೆಲಕ್ಕೆ 500, ಮಧ್ಯಮಕ್ಕೆ 700, ಭಾರಿ ಮಷಿನ್‌ಗೆ 1000 ಕೆಜಿ ಹಿಡಿಯಲು ಹೇಳುತ್ತದೆ. ನಮ್ಮ ಬೆಡ್‌ರೂಮು ಇದ್ಯಾವುದಕ್ಕೂ ಕಟ್ಟಿದ್ದಲ್ಲ.

ಹತ್ತು ಹನ್ನೆರಡರ ರೂಮು ಅಂದರೆ 120 ಚದರಡಿ. ಗುಣಿಸಿದರೆ ಸುಮಾರು 2200 ಕೆಜಿ. ನಾಲ್ಕೂವರೆ ಅಡಿ ಲೇತ್ ನಾನೂರು ಐನೂರು ಕೆಜಿ ತೂಗುತ್ತದೆ. 'ಎರಡು ಟನ್ ತಡೆಯುವ ರೂಮಿಗೆ ಅರ್ಧ ಟನ್ ಯಾವ ಲೆಕ್ಕ' ಅನ್ನಿಸುತ್ತೆ, ಅಲ್ವಾ? ನಾನೂ ಇದೇ ಲೆಕ್ಕ ಹಾಕಿದ್ದೆ. ಆದರೆ ಆ 2200 ಕೆಜಿ ಕಣದಲ್ಲಿ ಭತ್ತ ಹರಡಿದ ಹಾಗೆ ರೂಮಿನ ತುಂಬ ಹರಡಿರಬೇಕು. ಲೇತ್ ಹರಡಿಕೊಳ್ಳುವುದಿಲ್ಲ, ನಿಲ್ಲುತ್ತದೆ. ಅದು ಆವರಿಸುವ ಜಾಗವೇ ಒಂಬತ್ತು ಹತ್ತು ಚದರಡಿ. ಅಲ್ಲಿಗೆ ಚದರಡಿಗೆ ಐವತ್ತು ಕೆಜಿ ಆಯಿತು. ಅದೂ ಪೂರ್ತಿ ಜಾಗಕ್ಕೆ ಕೂರುವುದಿಲ್ಲ, ಎರಡು ಕಾಲಿನ ಮೇಲೆ ಕೂರುತ್ತದೆ. ಹೆಡ್‌ಸ್ಟಾಕ್, ಅಂದರೆ ಜಾಬ್ ತಿರುಗಿಸುವ ಭಾರದ ತಲೆಭಾಗ, ಇರುವ ಕಡೆಯ ಕಾಲಿಗೆ ಇನ್ನೂ ಜಾಸ್ತಿ.

'ತಾರಸಿ ಮೇಲೆ ಸಾವಿರ ಲೀಟರ್ ಟ್ಯಾಂಕ್ ಇಟ್ಟಿಲ್ವಾ, ಅದೂ ಒಂದು ಟನ್ನೇ' ಅಂತ ಮೇಷ್ಟ್ರು ವಾದಿಸಿದರು. ಒಳ್ಳೆ ವಾದ. ಆದರೆ ಟ್ಯಾಂಕ್ ಎಲ್ಲಿದೆ ನೋಡಿ. ಸಾಮಾನ್ಯವಾಗಿ ಮೆಟ್ಟಿಲ ಹೆಡ್‌ರೂಮಿನ ಮೇಲೆ, ನಾಲ್ಕೂ ಕಡೆ ಗೋಡೆ ಹತ್ತಿರ ಇರುವ ಚಿಕ್ಕ ಮೋಲ್ಡಿನ ಮೇಲೆ. ಮೇಲಾಗಿ ಟ್ಯಾಂಕ್ ಅಲುಗಾಡುವುದಿಲ್ಲ.

ಹಾಗಾಗಿ ಜಾಗ ಮುಖ್ಯ. ಮೋಲ್ಡಿನ ನಟ್ಟನಡುವೆ ಇಟ್ಟ ಐನೂರು ಕೆಜಿ ಬೇರೆ, ಬೀಮಿನ ಪಕ್ಕ ಇಟ್ಟ ಐನೂರು ಕೆಜಿ ಬೇರೆ. ಕೆಳಗಿನ ಮನೆಗೆ ಇಳಿದು, ನಿಮ್ಮ ಮಷಿನ್ ಬರುವ ಜಾಗದ ಅಡಿಯಲ್ಲಿ ಏನಿದೆ ನೋಡಿ. ಬೀಮ್ ಇದ್ದರೆ ಸರಿ. ಎಂಟಿಂಚಿನ ಭಾರ ಹೊರುವ ಗೋಡೆ ಇದ್ದರೂ ಸರಿ. ನಾಲ್ಕಿಂಚಿನ ಪಾರ್ಟಿಷನ್ ಗೋಡೆ ಲೆಕ್ಕಕ್ಕಿಲ್ಲ, ಅದನ್ನು ಮೋಲ್ಡ್ ಆದಮೇಲೆ ಕಟ್ಟಿರುತ್ತಾರೆ. ಬಾತ್‌ರೂಮಿಗೆ ತಗ್ಗಿಸಿ ಹಾಕಿದ ಮೋಲ್ಡಿನ ಮೇಲೆ ಬೇಡ. ಬಾಲ್ಕನಿ ಅಂತೂ ಬೇಡವೇ ಬೇಡ. ಬಾಲ್ಕನಿಯನ್ನು ಹಿಡಿದಿಡುವುದು ಮೇಲ್ಭಾಗದ ಕಂಬಿ. ಮೋಲ್ಡ್ ಹಾಕುವ ದಿನ ಬಾಂಡ್ಲಿ ಹೊತ್ತವರ ಕಾಲಿಗೆ ಸಿಕ್ಕಿ ಆ ಕಂಬಿ ಎರಡಿಂಚು ಕೆಳಗೆ ಕೂತಿದ್ದರೆ ಹೊರಗಿನಿಂದ ಯಾರಿಗೂ ಕಾಣುವುದಿಲ್ಲ.

'ಎಂಜಿನಿಯರ್ ಹೇಗೂ ಒಂದೂವರೆ ಪಟ್ಟು ಸೇಫ್ಟಿ ಇಟ್ಟಿರ್ತಾರೆ' ಅನ್ನುವವರೂ ಇದ್ದಾರೆ. ಇಟ್ಟಿರುತ್ತಾರೆ, ನಿಜ. ಅದು ನೀರು ಜಾಸ್ತಿ ಸುರಿದ ಕಾಂಕ್ರೀಟಿಗೆ, ಮಣ್ಣು ಬೆರೆತ ಮರಳಿಗೆ, ಕ್ಯೂರಿಂಗ್ ಮರೆತ ವಾರಕ್ಕೆ ಆಗಲೇ ಖರ್ಚಾಗಿರಬಹುದು. ಅದನ್ನು ನಮ್ಮ ಲೇತ್‌ಗೆ ಮೀಸಲಿಟ್ಟಿದ್ದು ಅಂತ ತಿಳಿಯಬೇಡಿ.

ಅದುರುವಿಕೆ

ಇದನ್ನು ಯಾರೂ ಕೇಳುವುದಿಲ್ಲ. ನನ್ನ ಲೇತ್ ಇಳಿಸಿದ್ದು ಭಾರಕ್ಕಲ್ಲ, ಇದಕ್ಕೆ.

ಕೆಳಗಿನ ಮನೆಯಲ್ಲಿದ್ದವರು ಒಬ್ಬ ಟೀಚರಮ್ಮ. ಏರಿಸಿದ ಎರಡನೇ ವಾರ ಮೆಟ್ಟಿಲ ಹತ್ತಿರ ಸಿಕ್ಕಿ, 'ಅಣ್ಣ, ನೀವು ಕೆಲಸ ಶುರು ಮಾಡಿದ್ದು ನಂಗೆ ತಟ್ಟೆ ಸ್ಟ್ಯಾಂಡ್ ನೋಡಿದ್ರೆ ಗೊತ್ತಾಗುತ್ತೆ' ಅಂದರು. ನಗುತ್ತಲೇ ಹೇಳಿದರು. ನಾನು ಲೇತ್ ಓಡುತ್ತಿರುವಾಗಲೇ ಇಳಿದು ಅವರ ಅಡುಗೆಮನೆಗೆ ಹೋಗಿ ನಿಂತೆ. ಗೋಡೆಯ ಸ್ಟ್ಯಾಂಡಿನಲ್ಲಿ ಸ್ಟೀಲ್ ತಟ್ಟೆಗಳು ಕಿಣಿಕಿಣಿ ಅನ್ನುತ್ತಿದ್ದವು. ಮೇಲೆ ಹೋಗಿ ಬೆಲ್ಟ್ ಒಂದು ಸ್ಟೆಪ್ ಬದಲಿಸಿ ಬಂದೆ. ತಟ್ಟೆ ಸುಮ್ಮನಾಗಿ ಲೋಟ ಶುರುವಾಯಿತು.

ಆಗಿದ್ದು ಇಷ್ಟು. ಫೋರ್ ಜಾ ಚಕ್‌ನಲ್ಲಿ (ನಾಲ್ಕು ದವಡೆಯ ಹಿಡಿಕೆ) ಒಂದು ಕಡೆ ತೂಕ ಜಾಸ್ತಿ ಇರುವ ಜಾಬ್, ಅಂದರೆ ಕೆತ್ತಬೇಕಾದ ತುಂಡು, ಕಟ್ಟಿ 600 ಆರ್‌ಪಿಎಂ ತಿರುಗಿಸಿದರೆ, ಸೆಕೆಂಡಿಗೆ ಹತ್ತು ಸಲ ಅದು ನೆಲವನ್ನು ಒದೆಯುತ್ತದೆ. ಮೋಲ್ಡಿಗೂ ತನ್ನದೇ ಒಂದು ತೂಗಾಟದ ತಾಳ ಇರುತ್ತದೆ, ಉಯ್ಯಾಲೆಗೆ ಇದ್ದ ಹಾಗೆ. ಒದೆತದ ತಾಳ ಅದಕ್ಕೆ ಕೂಡಿದರೆ ಸಣ್ಣ ಒದೆತವೂ ದೊಡ್ಡದಾಗುತ್ತದೆ. ಸ್ಪೀಡ್ ಬದಲಿಸಿದರೆ ತಪ್ಪುತ್ತದೆ. ಆದರೆ ಕೆಲಸಕ್ಕೆ ಬೇಕಾದ ಸ್ಪೀಡೇ ಅದಾಗಿದ್ದರೆ? ರಬ್ಬರ್ ಪ್ಯಾಡ್ ಇರುವ ಮೌಂಟ್ ಹಾಕಿದೆ, ಅರ್ಧಕ್ಕರ್ಧ ಕಮ್ಮಿಯಾಯಿತು. ಪೂರ್ತಿ ಹೋಗಲಿಲ್ಲ.

ಇನ್ನೊಂದು ನಷ್ಟ ನಿಧಾನಕ್ಕೆ ಗೊತ್ತಾಯಿತು. ಲೇತ್‌ನ ಬೆಡ್, ಅಂದರೆ ಉದ್ದನೆಯ ಬೀಡು ಕಬ್ಬಿಣದ ಬುಡ, ತಿರುಚದೆ ಕೂತಿದ್ದರೆ ಮಾತ್ರ ರಾಡ್ ಉದ್ದಕ್ಕೂ ಒಂದೇ ದಪ್ಪ ಬರುತ್ತದೆ. ನೆಲಮಟ್ಟದ ಕಾಂಕ್ರೀಟಿನಲ್ಲಿ ಒಮ್ಮೆ ಲೆವೆಲ್ ಕೂರಿಸಿ ಬೋಲ್ಟ್ ಬಿಗಿದರೆ ವರ್ಷಗಟ್ಟಲೆ ನಡೆಯುತ್ತದೆ. ಮಹಡಿಯ ಮೋಲ್ಡ್ ಭಾರಕ್ಕೆ ನಿಧಾನವಾಗಿ ಬಾಗುತ್ತಾ ಹೋಗುತ್ತದೆ. ಆರು ತಿಂಗಳಿಗೊಮ್ಮೆ ಲೆವೆಲ್ ಮಾಡಿದರೂ, ಎಂಟಿಂಚು ಉದ್ದದ ರಾಡ್ ತಿರುವಿದರೆ ಈ ತುದಿಗೂ ಆ ತುದಿಗೂ 0.04 ಮಿಲಿಮೀಟರ್ ವ್ಯತ್ಯಾಸ ಬರುತ್ತಿತ್ತು. ಗೇಟಿನ ಪಿನ್‌ಗೆ, ಬುಷ್‌ಗೆ ಇದೇನೂ ಅಲ್ಲ. ಬೇರಿಂಗ್ ಕೂರುವ ಜಾಗಕ್ಕೆ ಇದೇ ಎಲ್ಲ.

ಇನ್ನುಳಿದವು

ಸಾಗಿಸುವುದು. ಮೆಟ್ಟಿಲಲ್ಲಿ ಎಷ್ಟು ಹೋಗುತ್ತದೆ, ಅಂಗಳದಿಂದ ಹೈಡ್ರಾ ಕ್ರೇನ್ ಎತ್ತಬಹುದಾ, ಮನೆ ಮುಂದೆ ಕರೆಂಟ್ ತಂತಿ ಇದೆಯಾ. ತಂತಿ ಇದ್ದರೆ ಲೈನ್‌ಮನ್‌ಗೆ ಹೇಳಿ ಲೈನ್ ಕ್ಲಿಯರ್ (ಕರೆಂಟ್ ತೆಗೆಸಿದ ಖಾತ್ರಿ) ತೆಗೆದುಕೊಳ್ಳದೆ ಕ್ರೇನ್ ಬೂಮ್ ಎತ್ತಿಸಬೇಡಿ. ಕರೆಂಟ್ ಕಂಪನಿ ಹಾಸನದವರಿಗೆ ಸೆಸ್ಕ್, ಚಿಕ್ಕಮಗಳೂರಿನವರಿಗೆ ಮೆಸ್ಕಾಂ.

ಕರೆಂಟು. ಎರಡು ಎಚ್‌ಪಿವರೆಗೆ ಮನೆಯ ಸಿಂಗಲ್ ಫೇಸ್‌ನಲ್ಲಿ ಹೇಗೋ ನಡೆಯುತ್ತದೆ, ಮೋಟಾರ್ ಎದ್ದಾಗ ಮನೆ ಲೈಟೆಲ್ಲ ಒಮ್ಮೆ ಕಣ್ಣು ಮಿಟುಕಿಸುತ್ತವೆ. ಹಳೇ ಲೇತ್‌ನಲ್ಲಿ ತ್ರೀ ಫೇಸ್ ಮೋಟಾರ್ ಇದ್ದರೆ ಅದನ್ನು ಬಿಸಾಕಬೇಕಿಲ್ಲ. ಸಿಂಗಲ್ ಫೇಸ್ ತೆಗೆದುಕೊಂಡು ತ್ರೀ ಫೇಸ್ ಕೊಡುವ ವಿಎಫ್‌ಡಿ ಅನ್ನುವ ಎಲೆಕ್ಟ್ರಾನಿಕ್ ಡಬ್ಬ ಸಿಗುತ್ತದೆ. ಅದರಿಂದ ಬರುವುದು 230 ವೋಲ್ಟ್ ಮಾತ್ರ. ಹಾಗಾಗಿ ಮೋಟಾರಿನ ಟರ್ಮಿನಲ್ ಡಬ್ಬದಲ್ಲಿ ಆರು ತುದಿ ಹೊರಗಿದ್ದು, ಸ್ಟಾರ್ ಜೋಡಣೆ ಬಿಚ್ಚಿ, ಕಮ್ಮಿ ವೋಲ್ಟಿಗೆ ಹೊಂದುವ ಡೆಲ್ಟಾ ಜೋಡಣೆ ಮಾಡುವ ಹಾಗಿರಬೇಕು. ಡಬ್ಬ ಬಿಚ್ಚಿ ನೋಡಿಯೇ ಮಷಿನ್ ಕೊಳ್ಳಿ. ವಿಎಫ್‌ಡಿ ಮೆತ್ತಗೆ ಎಬ್ಬಿಸುವುದರಿಂದ ಲೈಟ್ ಮಿಟುಕುವುದೂ ನಿಲ್ಲುತ್ತದೆ, ಸ್ಪೀಡನ್ನೂ ಬೇಕಾದ ಹಾಗೆ ತಿರುಗಿಸಿಕೊಳ್ಳಬಹುದು. ತಟ್ಟೆ ಸ್ಟ್ಯಾಂಡಿನ ಸಮಸ್ಯೆಗೂ ಅದು ಅರ್ಧ ಮದ್ದು.

ಒಂದು ಎಚ್ಚರಿಕೆ. ಹವ್ಯಾಸಕ್ಕೆ ಸರಿ, ದುಡ್ಡಿಗೆ ಜಾಬ್ ಮಾಡುವುದಾದರೆ ಮನೆಯ ಮೀಟರಿನಲ್ಲಿ ಓಡಿಸುವ ಹಾಗಿಲ್ಲ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 126ನೇ ಸೆಕ್ಷನ್ ಪ್ರಕಾರ ಎರಡು ಪಟ್ಟು ದರ ಕಟ್ಟಿಸಿಕೊಳ್ಳುತ್ತಾರೆ. ಎಲ್‌ಟಿ 5, ಅಂದರೆ ಕೈಗಾರಿಕೆಯ ಕನೆಕ್ಷನ್, ಬೇರೆ ತೆಗೆದುಕೊಳ್ಳಬೇಕು. ಟ್ರೇಡ್ ಲೈಸೆನ್ಸ್ ಕೂಡ.

ಸದ್ದು. ವಾಸದ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಅಂತ 2000ದ ಶಬ್ದ ಮಾಲಿನ್ಯ ನಿಯಮ ಇದೆ. ರಾತ್ರಿ ಅಂದರೆ ಹತ್ತರಿಂದ ಬೆಳಗ್ಗೆ ಆರು. ನಮ್ಮ ಕಡೆ ಇದು ಸಣ್ಣ ವಿಷಯವಲ್ಲ. ಕುಯ್ಲಿನ ಕಾಲದಲ್ಲಿ, ಅರೇಬಿಕಾಗೆ ನವೆಂಬರ್‌ನಿಂದ ಜನವರಿ ಅಂತಿಟ್ಟುಕೊಳ್ಳಿ, ಕಿತ್ತ ಹಣ್ಣನ್ನು ಅದೇ ದಿನ ಪಲ್ಪ್ ಮಾಡಬೇಕು. ಪಲ್ಪರ್ ಶಾಫ್ಟ್ ಸಂಜೆ ಐದಕ್ಕೆ ತುಂಡಾದರೆ ಎಸ್ಟೇಟಿನ ರೈಟರ್ (ಲೆಕ್ಕ, ಉಸ್ತುವಾರಿ ನೋಡುವವರು) ಜೀಪಿನಲ್ಲಿ ಹಾಕಿಕೊಂಡು ಏಳಕ್ಕೆ ನಿಮ್ಮ ಬಾಗಿಲಲ್ಲಿರುತ್ತಾರೆ. 'ನಾಳೆ ಬನ್ನಿ' ಅಂದರೆ ಆ ಗಿರಾಕಿ ಹೋದರು ಅಂತಲೇ. ನೀವು ರಾತ್ರಿ ಕೆಲಸ ಮಾಡುವವರೋ ಅಲ್ಲವೋ ಅನ್ನುವುದರ ಮೇಲೇ ಅರ್ಧ ತೀರ್ಮಾನ ಆಗುತ್ತದೆ.

ತುಕ್ಕು. ಇದೊಂದರಲ್ಲಿ ಮಹಡಿಗೆ ಪೂರ್ತಿ ಅಂಕ. ಜೂನ್‌ನಿಂದ ಮಳೆ ಹಿಡಿದರೆ ನೆಲಮಟ್ಟದಲ್ಲಿ ಬೆಡ್ಡಿಗೆ ದಿನಾ ಎಣ್ಣೆ ಬಟ್ಟೆ ಎಳೆಯಬೇಕು. ಮಹಡಿಯಲ್ಲಿ ವಾರಕ್ಕೊಮ್ಮೆ ಎಳೆದರೂ ಹೊಳೆಯುತ್ತಿತ್ತು.

ಮಹಡಿಯಲ್ಲಿ ಪುಟ್ಟ ಮಷಿನ್

ಮೇಷ್ಟ್ರಿಗೆ ನಾನು ಹೇಳಿದ್ದು ಇದನ್ನೇ. ಟೇಬಲ್ ಮೇಲೆ ಕೂರುವ ಏಳಿಂಚಿನ ಮಿನಿ ಲೇತ್ ನಲವತ್ತು ಕೆಜಿ ಆಸುಪಾಸು. ಬೆಂಚ್ ಡ್ರಿಲ್ ಐವತ್ತು ಅರವತ್ತು. ಗ್ರೈಂಡರ್, ವೈಸ್, ಮರದ ಬೆಂಚು ಎಲ್ಲ ಸೇರಿದರೂ ಸಾಮಾನು ತುಂಬಿದ ಎರಡು ಗಾಡ್ರೇಜ್ ಬೀರುವಿನಷ್ಟು ಭಾರ. ಯಾವ ಎಂಜಿನಿಯರನ್ನೂ ಕೇಳಬೇಕಿಲ್ಲ, ಇಬ್ಬರು ಹೊತ್ತು ಮೇಲೆ ಹತ್ತಿಸಬಹುದು. ಬೆಂಚನ್ನು ಗೋಡೆಗೆ ಒತ್ತರಿಸಿಟ್ಟು ಕಾಲಿನಡಿ ದಪ್ಪ ರಬ್ಬರ್ ಇಟ್ಟರೆ ಮುಗಿಯಿತು. ಮನೆ ಮೀಟರ್ ಸಾಕು.

ಏನು ಕಳೆದುಕೊಳ್ಳುತ್ತೀರಿ? ಗಾತ್ರ. ಮಿನಿ ಲೇತ್‌ನಲ್ಲಿ ಸ್ಪಿಂಡಲ್ (ಚಕ್ ತಿರುಗಿಸುವ ಅಚ್ಚು) ತೂತು 20 ಮಿಲಿಮೀಟರ್, ಜಾಬ್‌ನ ಎರಡು ತುದಿ ಹಿಡಿಯುವ ಸೆಂಟರ್‌ಗಳ ನಡುವೆ ಹದಿನಾಲ್ಕು ಇಂಚು. ಎರಡಡಿ ಶಾಫ್ಟ್ ಅದರೊಳಗೆ ಹೋಗುವುದೂ ಇಲ್ಲ, ಹೊರಗೆ ನಿಲ್ಲುವುದೂ ಇಲ್ಲ. ಉಕ್ಕಿನಲ್ಲಿ ಕಟ್ ಕೊಡುವಾಗ ಒಂದೇ ಸಲಕ್ಕೆ ಎರಡು ಮಿಲಿಮೀಟರ್ ತೆಗೆಯುವ ಅಭ್ಯಾಸ ಇದ್ದವರಿಗೆ ಇದು ಆಟಿಕೆ ಅನ್ನಿಸುತ್ತದೆ. ಹಿತ್ತಾಳೆ, ಅಲ್ಯೂಮಿನಿಯಂ, ಸಣ್ಣ ಉಕ್ಕಿನ ಕೆಲಸಕ್ಕೆ ಚೆನ್ನ. ಹೊಸದು ಬಂದಾಗ ಪೂರ್ತಿ ಬಿಚ್ಚಿ, ತೊಳೆದು, ಗಿಬ್ (ಜಾರುವ ಭಾಗದ ಸಡಿಲ ತೆಗೆಯುವ ಪಟ್ಟಿ) ಬಿಗಿ ಮಾಡಿಕೊಳ್ಳುವ ತಾಳ್ಮೆ ಬೇಕು. ರಿಟೈರ್ ಆದವರಿಗೆ ಅದೇನು ಕಷ್ಟವಲ್ಲ, ಅದೇ ಒಂದು ತಿಂಗಳ ಖುಷಿ.

ಮರಗೆಲಸಕ್ಕೂ ಇದೇ ಮಾತು. ಹೊತ್ತೊಯ್ಯುವಂಥ ಥಿಕ್‌ನೆಸ್ ಪ್ಲೇನರ್ ಮೂವತ್ತು ನಲವತ್ತು ಕೆಜಿ, ಟೇಬಲ್ ಸಾ ಅದಕ್ಕಿಂತ ಹಗುರ. ಬೀಡು ಕಬ್ಬಿಣದ ಮೇಜಿನ ದೊಡ್ಡ ರಂದಾ ಮಷಿನ್ ಬೇರೆ ಜಾತಿ, ಅದನ್ನು ಲೇತ್ ಜೊತೆ ಸೇರಿಸಿ. ಮಹಡಿಯಲ್ಲಿ ಮರದ ಕೆಲಸಕ್ಕೆ ತೊಂದರೆ ಕೊಡುವುದು ಹೊಟ್ಟು. ಪಕ್ಕದ ಮನೆಯವರು ಒಣಹಾಕಿದ ಹಪ್ಪಳದ ಮೇಲೆ ಹೋಗಿ ಕೂರುತ್ತದೆ.

ಮಹಡಿಯಲ್ಲೇ ದೊಡ್ಡ ಮಷಿನ್, ಏನಾದರಾಗಲಿ ಅನ್ನುವವರಿಗೆ

ಆಗುವುದೇ ಇಲ್ಲ ಅಂತ ಹೇಳುವುದಿಲ್ಲ, ನಾನೇ ಮೂರು ವರ್ಷ ಓಡಿಸಿದ್ದೇನೆ. ಮೋಲ್ಡ್ ಬಿರುಕು ಬಿಡಲಿಲ್ಲ. ಆದರೆ ಆವತ್ತು ನಾನು ಮಾಡದಿದ್ದನ್ನು ನೀವು ಮಾಡಿ.

ಮನೆ ಕಟ್ಟಿದಾಗಿನ ಕಂಬಿಯ ಡ್ರಾಯಿಂಗ್ ಹುಡುಕಿ. ಹೆಚ್ಚಿನವರ ಬಳಿ ಪ್ಲಾನ್ ಇರುತ್ತದೆ, ಇದು ಇರುವುದಿಲ್ಲ. ಅದರ ಜೊತೆ ಮಷಿನ್‌ನ ತೂಕ, ಕಾಲಿನ ಅಳತೆ, ಆರ್‌ಪಿಎಂ ಬರೆದುಕೊಂಡು ಸ್ಟ್ರಕ್ಚರಲ್ ಎಂಜಿನಿಯರ್ ಹತ್ತಿರ ಹೋಗಿ. ಮನೆ ಕಟ್ಟಿದ ಮೇಸ್ತ್ರಿಯನ್ನು ಕೇಳಿದರೆ 'ಆನೆ ನಿಲ್ಲಿಸಿ ಸಾರ್' ಅನ್ನುತ್ತಾನೆ. ಎಷ್ಟೆಂದರೂ ಅವನು ಕಟ್ಟಿದ ಮನೆ. ಹಾಸನದಲ್ಲಿ 1960ರಿಂದ ಮಲೆನಾಡು ಎಂಜಿನಿಯರಿಂಗ್ ಕಾಲೇಜು ಇದೆ, ಚಿಕ್ಕಮಗಳೂರಿನಲ್ಲಿ 1980ರಿಂದ ಆದಿಚುಂಚನಗಿರಿ ಎಐಟಿ ಇದೆ. ಲೆಕ್ಕ ಬಲ್ಲ ಸಿವಿಲ್ ಎಂಜಿನಿಯರ್‌ಗಳಿಗೆ ಎರಡೂ ಊರಲ್ಲಿ ಬರ ಇಲ್ಲ. ಸಾವಿರದ ಲೆಕ್ಕದ ಫೀಜಿಗೆ ಲಕ್ಷದ ಮಷಿನ್ ಮತ್ತು ಕೆಳಗಿನ ಮನೆಯವರ ಜೀವ ಎರಡೂ ನಿಂತಿದೆ.

ಅವರು ಒಪ್ಪಿದರೆ ಸಾಮಾನ್ಯವಾಗಿ ಹೇಳುವುದು ಎರಡರಲ್ಲೊಂದು. ಮೊದಲನೆಯದು ಹರಡುವುದು: ಲೇತ್‌ನ ಕಾಲಿನಡಿ ನಾಲ್ಕಿಂಚಿನ ಸಿ ಚಾನೆಲ್ ಎರಡು ಉದ್ದಕ್ಕೆ ಹಾಕಿ, ಅಡ್ಡಕ್ಕೆ ಬೆಸೆದು, ಬೀಮ್ ಅಥವಾ ಗೋಡೆ ಇರುವ ಅಂಚಿಗೆ ಭಾರ ತಲುಪಿಸುವುದು. ಭಾರ ಕಮ್ಮಿ ಆಗುವುದಿಲ್ಲ, ಒಂದೇ ಕಡೆ ಚುಚ್ಚುವುದು ತಪ್ಪುತ್ತದೆ. ಎರಡನೆಯದು ಕೆಳಗಿನಿಂದ ಆನಿಸುವುದು: ಕೆಳಗಿನ ಮನೆಯ ಸೂರಿನಡಿ ಕಬ್ಬಿಣದ ಐ ಬೀಮ್ ಕೊಟ್ಟು ಎರಡು ಗೋಡೆಗೆ ಕೂರಿಸುವುದು. ಇದು ಗಟ್ಟಿ. ಆದರೆ ಬಾಡಿಗೆಯವರ ಹಾಲ್ ನಡುವೆ ಬೀಮ್ ಬರುತ್ತದೆ, ಅವರು ಬಾಡಿಗೆ ಇಳಿಸಿ ಅನ್ನುತ್ತಾರೆ. ಅಷ್ಟೊತ್ತಿಗೆ ಹೊರಗೆ ಶೆಡ್ ಹಾಕಿದಷ್ಟೇ ದುಡ್ಡು ಆಗಿರುತ್ತದೆ.

ಏರಿಸುವುದರ ಬಗ್ಗೆ ಒಂದು ಮಾತು. ನಾನು ಲೇತ್ ಬಿಚ್ಚಿ ಮೆಟ್ಟಿಲಲ್ಲೇ ಹೊರಿಸಿದೆ. ಬರೀ ಬೆಡ್ಡೇ ನೂರೈವತ್ತು ಕೆಜಿ ಮೇಲೆ. ಆರು ಜನ. ತಿರುವಿನ ಹತ್ತಿರ ಮುಂದಿನವನ ಕಾಲು ಜಾರಿ ಬೆಡ್ ಒಂದು ಮೆಟ್ಟಿಲು ಕೆಳಗೆ ಕೂತಿತು, ಗ್ರಾನೈಟ್ ಅಂಚು ಚಕ್ಕೆ ಎದ್ದು ಬಂತು. ಮನುಷ್ಯರ ಕಾಲಿನ ಮೇಲೆ ಬೀಳಲಿಲ್ಲ ಅನ್ನುವುದೇ ಪುಣ್ಯ. ಆ ಚಕ್ಕೆ ಎದ್ದ ಮೆಟ್ಟಿಲು ಹಾಗೇ ಇದೆ, ಬಂದವರಿಗೆಲ್ಲ ಮನೆಯವಳು ತೋರಿಸುತ್ತಾಳೆ. ಇಳಿಸುವಾಗ ಬುದ್ಧಿ ಬಂದು ಹೈಡ್ರಾ ಕರೆಸಿದೆ. ನಡುವೆ ಬಾಲ್ಕನಿಗೆ ಗ್ರಿಲ್ ಹಾಕಿಸಿದ್ದು ಮರೆತಿತ್ತು. ಗ್ರಿಲ್ ಕೊಯ್ದು, ಒಂದೊಂದೇ ಭಾಗ ಇಳಿಸಿ, ಮತ್ತೆ ಗ್ರಿಲ್ ಬೆಸೆದು, ಎರಡು ದಿನ ಹಿಡಿಯಿತು.

ಆರಡಿ ಲೇತ್, ಮಿಲ್ಲಿಂಗ್ ಮಷಿನ್ ಆಸೆ ಇರುವವರು ಈ ಭಾಗವನ್ನು ಮರೆತುಬಿಡಿ. ಏಳೆಂಟುನೂರು ಕೆಜಿ, ಒಂದು ಟನ್ ತೂಗುವ ವಸ್ತುಗಳಿಗೆ ವಾಸದ ಮನೆಯ ಮಹಡಿ ಜಾಗವಲ್ಲ. ಎಚ್‌ಎಂಟಿಯ ಹಳೇ ದೊಡ್ಡ ಲೇತ್‌ಗಳು ಇನ್ನೂ ಭಾರ. ಸೆಕೆಂಡ್ ಹ್ಯಾಂಡ್‌ನಲ್ಲಿ ಕಂಡರೆ ಕೈ ತುರಿಸುತ್ತದೆ, ಗೊತ್ತು.

ಹೆಂಚಿನ ಮನೆಯ ಅಟ್ಟದ ವಿಷಯಕ್ಕೆ ಇಷ್ಟೇ: ಬೇಡ. ಮರದ ತೊಲೆ ಹಲಸಿನದೇ ಇರಲಿ, ಸಾಗುವಾನಿಯದೇ ಇರಲಿ, ಗೋಡೆಯೊಳಗೆ ಹೊಕ್ಕ ತುದಿ ಗೆದ್ದಲು ತಿಂದಿದೆಯಾ ಅಂತ ಹೊರಗಿನಿಂದ ತಿಳಿಯುವುದಿಲ್ಲ. ಮದ್ರಾಸ್ ತಾರಸಿ, ಅಂದರೆ ಮರದ ತೊಲೆ ಮೇಲೆ ಇಟ್ಟಿಗೆ ಗಾರೆ ಹಾಸಿದ ಚಾವಣಿ, ಇರುವ ಮನೆಗೂ ಇದೇ.

ತಾರಸಿ ಮೇಲೆ ಶೀಟ್ ಶೆಡ್ ಹಾಕಿ ಇಡೋಣ ಅನ್ನುವವರಿಗೂ ಒಂದು ಸಾಲು. ಓಡಾಡುವ ತಾರಸಿಗೆ ಹಿಡಿಯುವ ಲೆಕ್ಕ ರೂಮಿಗಿಂತ ಕಮ್ಮಿ, ಚದರ ಮೀಟರಿಗೆ 150 ಕೆಜಿ. ಬೇಸಿಗೆಯಲ್ಲಿ ಕಾವಲಿ. ಚಳಿಗಾಲದ ಬೆಳಗ್ಗೆ ಶೀಟಿನಿಂದ ಹನಿ ತೊಟ್ಟಿಕ್ಕಿ ಬೆಡ್ ಮೇಲೆ ಕೆಂಪು ಚುಕ್ಕೆ.

ಪೋರ್ಟಿಕೋ

ನನ್ನ ಪಕ್ಷಪಾತ ಮುಚ್ಚಿಡುವುದಿಲ್ಲ. ನಾಲ್ಕೂವರೆಯಿಂದ ಆರಡಿ ಲೇತ್‌ಗೆ ಮನೆಯಲ್ಲೇ ಜಾಗ ಬೇಕು ಅಂದರೆ ಇದೇ. ಲಾರಿ ಗೇಟಿಗೆ ಬರುತ್ತದೆ, ಪೈಪ್ ಮೇಲೆ ಉರುಳಿಸಿ ಒಳಗೆ ತರಬಹುದು, ಬಾಡಿಗೆಯವರನ್ನು ಎಬ್ಬಿಸಬೇಕಿಲ್ಲ. ಲೇತ್ ಅದುರಿದರೆ ಮಣ್ಣು ನುಂಗಿಕೊಳ್ಳುತ್ತದೆ.

ಆದರೆ ನೇರ ಟೈಲ್ಸ್ ಮೇಲೆ ಇಡಬೇಡಿ. ಮೊದಲು ಸಂಪ್ ಎಲ್ಲಿದೆ ನೋಡಿ. ನಮ್ಮ ಮನೆಗಳಲ್ಲಿ ನೂರಕ್ಕೆ ಎಪ್ಪತ್ತು ಸಲ ನೀರಿನ ಸಂಪ್ ಪೋರ್ಟಿಕೋದ ಕೆಳಗೇ ಇರುತ್ತದೆ ಅಂತ ನನ್ನ ಅಂದಾಜು. ಕಾರು ಅದರ ಮೇಲೆ ಓಡಾಡುತ್ತದೆ ನಿಜ, ಕಾರು ದಿನವಿಡೀ ಅಲ್ಲಿ ನಿಂತು ಒದೆಯುವುದಿಲ್ಲ. ಸಂಪ್ ಬಿಟ್ಟು ಪಕ್ಕಕ್ಕೆ ಎಂಟಡಿಗೆ ನಾಲ್ಕಡಿ ಜಾಗ ಸಿಕ್ಕರೆ ಸಾಕು. ಅಲ್ಲಿ ಟೈಲ್ಸ್ ಕಿತ್ತು, ತುಂಬಿದ ಮಣ್ಣನ್ನು ದಮ್ಮಾಸು ಮಾಡಿ, ಜಾಲರಿ ಕಂಬಿ ಇಟ್ಟು ಆರಿಂಚು ಕಾಂಕ್ರೀಟ್ ಹಾಕಿಸಿ. 28 ದಿನ ಬಿಟ್ಟು ಮಷಿನ್ ಇಡಿ. ನಾನು ಹತ್ತು ದಿನಕ್ಕೇ ಇಟ್ಟೆ, ಒಂದು ಬೋಲ್ಟ್ ಸುತ್ತ ಕಾಂಕ್ರೀಟ್ ಪುಡಿ ಎದ್ದಿತು. ಮತ್ತೆ ಕೊರೆದು ಕೂರಿಸಿದೆ.

ಇಲ್ಲಿನ ಕಷ್ಟ ಮಳೆ ಎರಚಲು, ಕಳ್ಳತನ ಮತ್ತು ಬೀದಿಯ ಕಣ್ಣು. ಸುತ್ತ ಗೋಡೆ ಎತ್ತಿಬಿಟ್ಟರೆ ಮನೆ ಪ್ಲಾನ್‌ಗೆ ವಿರುದ್ಧ ಆಗಬಹುದು. ನಾನು ಎರಡು ಕಡೆ ದಪ್ಪ ಟಾರ್ಪಾಲಿನ ಪರದೆ ಬಿಟ್ಟಿದ್ದೇನೆ, ಚಕ್ ಮತ್ತು ಟೂಲ್ ಪೋಸ್ಟ್ ರಾತ್ರಿ ಒಳಗೆ ತರುತ್ತೇನೆ. ಕಬ್ಬಿಣದ ಸುರುಳಿ ಚೂರು ಅಂಗಳದಲ್ಲಿ ಬೀಳದ ಹಾಗೆ ನೋಡಿಕೊಳ್ಳಿ, ರಂಗೋಲಿ ಹಾಕುವವರು ಬರಿಗಾಲಲ್ಲಿ ಬರುತ್ತಾರೆ. ರಾತ್ರಿ ಕೆಲಸಕ್ಕೆ ಇದು ಮಹಡಿಗಿಂತಲೂ ಕೆಟ್ಟ ಜಾಗ, ಸದ್ದು ನೇರ ಬೀದಿಗೆ.

ಬಾಡಿಗೆ ಶೆಡ್

ಉಪ್ಪಳ್ಳಿಯ ಹುಡುಗನ ಹಾಗೆ ಇದನ್ನೇ ಜೀವನ ಮಾಡಿಕೊಳ್ಳುವವರು ಗಂಭೀರವಾಗಿ ನೋಡಬೇಕಾದ್ದು ಇದು. ಹಾಸನದಲ್ಲಿ ಬಿ.ಎಂ. ರಸ್ತೆಯ ಕಡೆ, ಚಿಕ್ಕಮಗಳೂರಿನಲ್ಲಿ ಅಂಬಳೆ ಕೈಗಾರಿಕಾ ಪ್ರದೇಶದ ಕಡೆ ವಿಚಾರಿಸಬಹುದು. ತ್ರೀ ಫೇಸ್ ಇರುತ್ತದೆ, ರಾತ್ರಿ ಹನ್ನೊಂದಕ್ಕೆ ಓಡಿಸಿದರೂ ಕೇಳುವವರಿಲ್ಲ. ಆರಡಿ ಲೇತ್, ಪಕ್ಕಕ್ಕೆ ವೆಲ್ಡಿಂಗ್, ಎಲ್ಲಕ್ಕೂ ಜಾಗ. ಇದರ ಹೊರೆ ಹನ್ನೆರಡು ತಿಂಗಳ ಬಾಡಿಗೆ. ಕಾಫಿ ಕೆಲಸ ನಾಲ್ಕು ತಿಂಗಳ ಸುಗ್ಗಿ. ಎಲ್‌ಟಿ 5ರಲ್ಲಿ ಮಷಿನ್ ನಿಂತಿದ್ದರೂ ತಿಂಗಳ ಫಿಕ್ಸೆಡ್ ಚಾರ್ಜ್ ಬರುತ್ತದೆ. ಮಳೆಗಾಲದಲ್ಲಿ ಟ್ರಾಕ್ಟರ್, ಟಿಲ್ಲರ್, ಪಂಪ್‌ಸೆಟ್ ಕೆಲಸ ಹಿಡಿದುಕೊಂಡರೆ ದೂಗುತ್ತದೆ. ಬರೀ ಪಲ್ಪರ್ ನಂಬಿದರೆ ಆಗಸ್ಟಿನಲ್ಲಿ ಶೆಡ್ ಮುಂದೆ ಕೂತು ಮಳೆ ಎಣಿಸಬೇಕು.

ಕೆಳಗೆ ಅರ್ಧ, ಮೇಲೆ ಅರ್ಧ

ನಾನು ಕೊನೆಗೆ ಹಿಡಿದ ದಾರಿ ಇದು. ಲೇತ್ ಪೋರ್ಟಿಕೋದಲ್ಲಿ. ಮಹಡಿ ರೂಮಿನಲ್ಲಿ ಬೆಂಚ್ ಡ್ರಿಲ್, ಟೂಲ್ ಗ್ರೈಂಡರ್, ಅಳತೆ ಸಾಮಾನು, ಡ್ರಾಯಿಂಗ್ ಟೇಬಲ್. ಅಳತೆಯ ಮೈಕ್ರೋಮೀಟರ್, ಡಯಲ್‌ಗಳಿಗೆ ಒಣ ಜಾಗ ಬೇಕು, ಅದು ಮೇಲಿದೆ. ಭಾರಕ್ಕೆ ಗಟ್ಟಿ ನೆಲ ಬೇಕು, ಅದು ಕೆಳಗಿದೆ. ದಿನಕ್ಕೆ ಇಪ್ಪತ್ತು ಸಲ ಮೆಟ್ಟಿಲು ಹತ್ತಿಳಿಯಬೇಕು ಅನ್ನುವುದು ದಂಡ. ಮಂಡಿ ನೋವಿರುವವರು ಯೋಚಿಸಿ.

ಮೇಷ್ಟ್ರು ಮಿನಿ ಲೇತ್ ತಂದರು. ಈಗ ಅದನ್ನು ಬಿಚ್ಚಿ ತೊಳೆಯುವ ಹಂತದಲ್ಲಿದ್ದಾರೆ, ದಿನಕ್ಕೆರಡು ಫೋನು ಬರುತ್ತದೆ. ಬಡಗಿ ಅಟ್ಟ ಬಿಟ್ಟು ಹಿತ್ತಲಲ್ಲಿ ಶೀಟ್ ಹಾಕಿಸುತ್ತಿದ್ದಾರೆ. ಉಪ್ಪಳ್ಳಿ ಹುಡುಗ ಶೆಡ್ ಬಾಡಿಗೆ ಕೇಳಿ ಬಂದು, ಒಂದು ಸುಗ್ಗಿ ಮನೆಯಲ್ಲೇ ನೋಡೋಣ, ಗಿರಾಕಿ ನಿಂತರೆ ಶೆಡ್ ಅಂತ ಲೆಕ್ಕ ಹಾಕಿದ್ದಾನೆ. ಅದು ತಪ್ಪು ಲೆಕ್ಕವಲ್ಲ, ಅಲ್ಲಿವರೆಗೆ ರಾತ್ರಿಯ ಜಾಬ್ ಬಿಡಬೇಕು ಅಷ್ಟೆ. ಪೋರ್ಟಿಕೋದಲ್ಲಿ ಅವರಪ್ಪನ ಕಾರಿದೆ, ತೊಳೆದು ಒರೆಸಿ ಭಾನುವಾರ ಮಾತ್ರ ತೆಗೆಯುವಂಥದ್ದು. ಮಾತುಕತೆ ನಡೆಯುತ್ತಿದೆ. ಮೊನ್ನೆ ಅಪ್ಪ ಪೇಟೆಯಲ್ಲಿ ಕಾರಿನ ಕವರ್ ರೇಟ್ ವಿಚಾರಿಸಿದರಂತೆ.